ನಾನು ಅಸೂಯೆಪಟ್ಟ ತೋಳು

ಅವನ ಬಲಗೈ ಪೂರ್ತಿ ನೇರವಾಗುತ್ತಿರಲಿಲ್ಲ. ಸುಮ್ಮನೆ ನಿಂತಾಗಲೂ ಮೊಣಕೈ ತುಸು ಮಡಚಿಕೊಂಡೇ ಇರುತ್ತಿತ್ತು. ಬಲಭುಜ ಎಡಕ್ಕಿಂತ ಕೆಳಗಿಳಿದಿತ್ತು. ಮಲಗಿಸಿ ಹಿಂದಕ್ಕೆ ಬಾಗಿಸಿದರೆ ಬೇರೆಯವರ ತೋಳು ನಿಲ್ಲುವ ಜಾಗ ದಾಟಿ ಅದು ಇನ್ನೂ ಹಿಂದೆ ಹೋಗುತ್ತಿತ್ತು. ಚಿಕ್ಕಂದಿನಿಂದ ಚೆಂಡೆಸೆದು ಎಸೆದು ಬಂದ ಆಕಾರ ಅದು.

ತೊಂಬತ್ತರ ದಶಕದಲ್ಲಿ ನಾನು ದಕ್ಷಿಣ ಕೆರೊಲಿನಾದ ಸಣ್ಣ ಊರೊಂದರ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದೆ. ಅವನು ಆ ಊರಿನ ಬೇಸ್‌ಬಾಲ್ ತಂಡದ ಪಿಚರ್. ದಾಂಡಿಗನಿಗೆ ಚೆಂಡೆಸೆಯುವುದೇ ಅವನ ಉದ್ಯೋಗ. ಭುಜದ ಆಪರೇಷನ್ ಆಗಿ ನನ್ನ ಬಳಿ ಬಂದಿದ್ದ. ಅವನ ಒಂದು ತೋಳಿಗೆ ಸರ್ಜನ್, ತರಬೇತುದಾರ, ಮಾಲೀಸಿನವನು, ಮೇಲೆ ನಾನು. ಧಾರವಾಡದ ಕಾಲೇಜಿನಲ್ಲಿ ಜಾವೆಲಿನ್ ಎಸೆಯುತ್ತಿದ್ದ ನನ್ನ ಭುಜ ಕೆಟ್ಟಾಗ ಅವ್ವ ಬೆಚ್ಚಗಿನ ಎಣ್ಣೆ ತಿಕ್ಕಿ ಬಟ್ಟೆ ಕಟ್ಟಿದ್ದಳು, ಅಷ್ಟೇ. ನೋವು ಇಳಿಯುವಷ್ಟರಲ್ಲಿ ಕಾಲೇಜೇ ಮುಗಿದಿತ್ತು. ಅವನ ತೋಳು ಹಿಡಿದಾಗಲೆಲ್ಲ ನನಗೆ ಹೊಟ್ಟೆಯುರಿ.

ಅವನಿಗೋ ವ್ಯಾಯಾಮವೆಂದರೆ ಬೇಸರ. ರಬ್ಬರ್ ಪಟ್ಟಿ ಎಳೆಯುತ್ತ, "ಯಾಕ್ ಬೇಕು ಮ್ಯಾಮ್ ಇದೆಲ್ಲ?" ಎಂದು ಗೊಣಗುತ್ತಿದ್ದ. ಒಮ್ಮೆ ನನಗೆ ತಡೆಯಲಾಗಲಿಲ್ಲ. "ಇಂಥದ್ದೊಂದು ಪಟ್ಟಿ ಕೊಡೋರೂ ನನಗಿರಲಿಲ್ಲ. ನಾನೂ ಜಾವೆಲಿನ್ ಎಸೀತಿದ್ದೆ," ಎಂದುಬಿಟ್ಟೆ.

ಅವನು ಪಟ್ಟಿ ಬಿಟ್ಟು ತಿರುಗಿದ. "ಹೌದಾ? ಎಷ್ಟು ದೂರದಿಂದ ಓಡಿ ಬರ್ತಿದ್ರಿ? ಕೈಯಿಂದ ಬಿಡೋವಾಗ ಯಾವ ಕಾಲು ಮುಂದೆ?"

ಅಮೆರಿಕಕ್ಕೆ ಬಂದಮೇಲೆ ಯಾರೂ ನನ್ನನ್ನು ಕೇಳದ ಪ್ರಶ್ನೆಗಳು. ಕ್ಲಿನಿಕ್ಕಿನ ನಟ್ಟನಡುವೆ ನಿಂತು ಮಾಡಿ ತೋರಿಸಿದೆ. ಆಮೇಲೆ ಅವನು ಗೊಣಗಲಿಲ್ಲ.

ತೋಳು ಗುಣವಾಯಿತು. ಮರುವರ್ಷ ಅಟ್ಲಾಂಟಾದ ದೊಡ್ಡ ತಂಡದಿಂದ ಕರೆ ಬಂತು. ಜವಳಿ ಗಿರಣಿಯಲ್ಲಿ ಇಂಜಿನಿಯರ್ ಆಗಿದ್ದ ನನ್ನ ಗಂಡ ಒಂದು ಸಂಜೆ ಟಿವಿ ಹಚ್ಚಿ ಕೂಗಿದರು: "ಬಾ ಇಲ್ಲೆ, ನಿನ್ನ ಪೇಷಂಟ್ ಬಂದಾನ ನೋಡು!"

"ನೀವ ನೋಡ್ರಿ. ನನಗ ಕೆಲಸ ಐತಿ."

"ಅಷ್ಟು ದುಡಿದು ಅವನ್ನ ನಿಲ್ಲಿಸಿದಾಕಿ ನೀನು. ಖುಷಿ ಇಲ್ಲೇನು?"

ಖುಷಿಯಿತ್ತು. ಅಡುಗೆಮನೆಯ ಬಾಗಿಲಿಗೆ ಒರಗಿ ನೋಡಿದೆ ಕೂಡ. ಕ್ರೀಡಾಂಗಣ ತುಂಬ ಜನ ಎದ್ದು ನಿಂತು ಆ ತೋಳಿಗೆ ಕೇಕೆ ಹಾಕುತ್ತಿದ್ದರು. ನನಗೆ ಊಟ ಸೇರಲಿಲ್ಲ.

ಅಲ್ಲಿ ಅವನು ಉಳಿದದ್ದು ಒಂದೇ ಬೇಸಿಗೆ. ಭುಜ ಮತ್ತೆ ಕೆಟ್ಟಿತು. ನಮ್ಮೂರಿನ ತಂಡಕ್ಕೇ ಮರಳಿ ಬಂದು, ಇನ್ನೊಂದಿಷ್ಟು ದಿನ ಏಗಿ, ಕಡೆಗೆ ಆಟ ಬಿಡುವುದೆಂದು ತೀರ್ಮಾನಿಸಿ, ಕೊನೆಯ ಪಂದ್ಯಕ್ಕೆ ನಮ್ಮಿಬ್ಬರನ್ನೂ ಕರೆದ. ಕೊನೆಯ ಚೆಂಡನ್ನು ಎಸೆಯುವ ಮುನ್ನ ಅದನ್ನು ತುಂಬ ಹೊತ್ತು ಕೈಯಲ್ಲಿ ಹಿಡಿದೇ ನಿಂತ. ಅವನ ಆಟ ಮುಗಿದದ್ದನ್ನು ಕಂಡರೆ ನನ್ನ ಉರಿ ಆರಬಹುದೆಂದುಕೊಂಡಿದ್ದೆ. ಆರಲಿಲ್ಲ, ಹೆಚ್ಚಿತು.

ಮರುದಿನ ವಿದಾಯ ಹೇಳಲು ಕ್ಲಿನಿಕ್ಕಿಗೆ ಬಂದವನು, "ಹೇಗನ್ನಿಸ್ತು ಮ್ಯಾಮ್?" ಎಂದು ಕೇಳಿದ.

"ಹೊಟ್ಟೆಕಿಚ್ಚಾಯ್ತು," ಎಂದೆ. "ಅದೇ ಕೊನೇದು ಅಂತ ನಿನಗೆ ಗೊತ್ತಿತ್ತು. ನಾನು ಕೊನೇ ಸಲ ಎಸೆದಾಗ ಅದು ಕೊನೇದು ಅಂತ ನನಗೆ ಗೊತ್ತಿರಲಿಲ್ಲ."

ಅವನು ನಗಲಿಲ್ಲ. "ಬನ್ನಿ," ಎಂದು ತನ್ನ ಟ್ರಕ್ಕಿನಲ್ಲಿ ಮೈದಾನಕ್ಕೆ ಕರೆದೊಯ್ದ. ಯಾರೂ ಇರಲಿಲ್ಲ. ಪಿಚರ್ ನಿಲ್ಲುವ ಮಣ್ಣಿನ ದಿಬ್ಬದ ಮೇಲೆ ನನ್ನನ್ನು ನಿಲ್ಲಿಸಿ, ಚೆಂಡು ಕೊಟ್ಟು, ತಾನು ಕೈಗವಸು ತೊಟ್ಟು ಎದುರಿಗೆ ಕುಕ್ಕರಗಾಲಲ್ಲಿ ಕೂತ.

"ಕೊನೇದು ಅಂತ ತಿಳ್ಕೊಂಡೇ ಎಸೀರಿ."

ಎಸೆದೆ. ಭುಜದಲ್ಲಿ ಚಳಕ್ಕೆಂದಿತು. ಚೆಂಡು ಅವನ ತಲೆಯ ಮೇಲೆ ಹಾದು ಹಿಂದಿನ ತಂತಿಬೇಲಿಗೆ ಬಡಿಯಿತು.

"ಇನ್ನೊಂದು ಕೊಡು."

"ಇಲ್ಲ ಮ್ಯಾಮ್," ಅವನು ಎದ್ದು ಕೈಗವಸು ಕಳಚಿದ. "ಮುಗೀತು."

ಆ ಇನ್ನೊಂದನ್ನು ಅವನು ಕೊಡದೇ ಇದ್ದದ್ದಕ್ಕೆ ನಾನು ಇವತ್ತಿಗೂ ಋಣಿ.