ಜಯವರ್ಮ ಮಾಸ್ಟ್ರು ಬೊಂಬಾಯಿಗೆ ಹಾರಿದ್ದು

ವಿಮಾನದ ವಿಷಯ ಬಂದರೆ ಮೂಡಬಿದಿರೆಯಲ್ಲಿ ಜಯವರ್ಮ ಮಾಸ್ಟ್ರ ಎದುರು ಯಾರೂ ಬಾಯಿ ತೆರೆಯುವ ಹಾಗಿರಲಿಲ್ಲ. ಬಜ್ಪೆಯ ನಿಲ್ದಾಣಕ್ಕೆ ಡಕೋಟಾ ವಿಮಾನ ಬರತೊಡಗಿದ ಮೇಲೆ ಈ ವಿಜ್ಞಾನದ ಮಾಸ್ಟ್ರಿಗೆ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ. ಸಂಜೆಯಾದರೆ ಬಸ್‌ಸ್ಟ್ಯಾಂಡಿನಲ್ಲಿ ನೋಣಯ್ಯನ ಹೋಟೆಲಿನ ಜಗಲಿಯೇರಿ ಕೂತು, ಕಾಗದದ ಪಟ್ಟಿಯೊಂದನ್ನು ತುಟಿಗೆ ಹಿಡಿದು ಅದರ ಮೇಲ್ಗಡೆ ಊದುವರು. ಜೋತಿದ್ದ ಪಟ್ಟಿ ಮೇಲೇಳುವುದು.

"ಕಂಡಿರಾ? ರೆಕ್ಕೆಯ ಬೆನ್ನು ಉಬ್ಬು. ಮೇಲಿನ ಗಾಳಿ ಬೇಗ ಓಡ್ತದೆ, ಅಲ್ಲಿ ಒತ್ತಡ ಕಮ್ಮಿ. ಕೆಳಗಿನ ಗಾಳಿ ರೆಕ್ಕೆಯನ್ನು ಎತ್ತುತ್ತದೆ. ಎದುರು ಗಾಳಿ ಹಿಂದಕ್ಕೆ ಎಳೀತದೆ. ಎತ್ತುವುದು ಮಿತ್ರ, ಎಳೆಯುವುದು ಶತ್ರು. ಇಷ್ಟೇ ವಿಮಾನ!"

ಏರಿದ್ದು ಇಳಿಯುವುದು ಹೇಗೆಂದು ಅವರು ಹೇಳಿದವರಲ್ಲ, ಯಾರೂ ಕೇಳಿದವರೂ ಅಲ್ಲ. ಮಾಸ್ಟ್ರು ಸ್ವತಃ ವಿಮಾನ ಹತ್ತಿದವರಂತೂ ಅಲ್ಲವೇ ಅಲ್ಲ. ಆದರೂ ಊರಲ್ಲಿ ಅವರ ಮರ್ಯಾದೆ ನಿಂತಿದ್ದದ್ದು ಈ ಒಂದು ವಿದ್ಯೆಯ ಮೇಲೆ. ಅದು ಹೋದರೆ ಉಳಿಯುವುದು ಹೆಗಲ ಮೇಲಿನ ಶಾಲು ಮಾತ್ರ.

೧೯೫೬ರಲ್ಲಿ ಬೊಂಬಾಯಿಯ ಭಾವ ಮಗಳ ಮದುವೆಗೆಂದು ವಿಮಾನದ ಟಿಕೆಟು ಕಳಿಸಿದ. ಮಾಸ್ಟ್ರ ಪಕ್ಕದ ಸೀಟಿಗೆ ಬಂದು ಕೂತವಳು ಅದೇ ಊರಿನ ಸೇಸಮ್ಮ. ಕೋಳಿ ಸಾಕಿ ಮಗನನ್ನು ದೊಡ್ಡವನನ್ನಾಗಿ ಮಾಡಿದವಳು. ಆ ಮಗ ಈಗ ಬೊಂಬಾಯಿಯಲ್ಲಿ ಹೋಟೆಲಿನ ಧಣಿ. ಕೋಳಿಯ ವಾಸನೆ ಇನ್ನೂ ಇದ್ದೀತೆಂದು ಮಾಸ್ಟ್ರು ಶಾಲು ಸರಿಸಿಕೊಂಡು ಕೂತರು. ದಾರಿಯುದ್ದಕ್ಕೂ ಮಿತ್ರ ಶತ್ರು ಎಂದು ಅವಳ ಕಿವಿ ತೂತು ಮಾಡಿದರು.

ಬೊಂಬಾಯಿ ಹತ್ತಿರವಾಗಿ ವಿಮಾನ ತಗ್ಗಿತು. ಗರ್ರೆಂಬ ಸದ್ದಾಯಿತು. ಕಿಟಕಿಯಲ್ಲಿ ನೋಡಿದರೆ ರೆಕ್ಕೆಯ ಹಿಂಬದಿಯಿಂದ ಉದ್ದದ ಹಲಗೆಯೊಂದು ಕೆಳಕ್ಕೆ ಜೋತುಬಿದ್ದಿತ್ತು.

"ಅಯ್ಯಯ್ಯೋ, ರೆಕ್ಕೆ ಮುರಿಯಿತು! ಸತ್ತೆವು!" ಮಾಸ್ಟ್ರ ಬೊಬ್ಬೆಗೆ ಇಡೀ ವಿಮಾನ ತಿರುಗಿ ನೋಡಿತು.

ಸೇಸಮ್ಮ ಕಿಟಕಿಗೆ ಬಗ್ಗಿ ನೋಡಿದಳು. "ಮುರಿದದ್ದಲ್ಲ ಮಾಸ್ಟ್ರೇ, ಬೇಕೆಂದೇ ಇಳಿಸಿದ್ದು. ಕೋಳಿ ಮಾಡಿನ ಹಂಚಿನಿಂದ ನೆಲಕ್ಕೆ ಹಾರಿ ಇಳಿಯುವಾಗ ರೆಕ್ಕೆ, ಬಾಲ ಎಲ್ಲ ಅಗಲ ಮಾಡ್ತದಲ್ಲ? ವೇಗವೂ ಕಮ್ಮಿಯಾಗಬೇಕು, ದೊಪ್ಪಂತ ಬೀಳಲೂ ಬಾರದು. ನಿಮ್ಮ ಶತ್ರು ಎಳೆಯದಿದ್ದರೆ ನಾವು ಇಳಿಯುವುದು ಹೇಗೆ?"

ಅವಳು ಹೇಳಿದ ಹಾಗೆಯೇ ವಿಮಾನ ಮೆಲ್ಲಗೆ ನೆಲ ಮುಟ್ಟಿತು. ಮಾಸ್ಟ್ರು ಕೈ ಮುಗಿದರು.

"ಸೇಸಮ್ಮ, ನಾನು ಬೊಬ್ಬೆ ಹಾಕಿದ್ದು ಊರಲ್ಲಿ ಹೇಳ್ಬೇಡಿ. ನನ್ನ ಮರ್ಯಾದೆ ಹೋಗ್ತದೆ."

"ಇಲ್ಲ, ಹೇಳುವುದಿಲ್ಲ" ಎಂದು ಅವಳು ಮಾತು ಕೊಟ್ಟಳು. ಅದನ್ನು ಉಳಿಸಿಕೊಂಡಳು ಕೂಡ.

ಸೇಸಮ್ಮ ಮಗನ ಮನೆಯಲ್ಲಿ ಎರಡು ತಿಂಗಳು ಉಳಿದಳು. ಮಾಸ್ಟ್ರು ವಾರದಲ್ಲೇ ಊರಿಗೆ ಬಂದು ಜಗಲಿ ಏರಿದರು. ಈಗ ಪಾಠಕ್ಕೆ ಇಳಿಯುವ ಅಧ್ಯಾಯವೂ ಸೇರಿತ್ತು. ಕೋಳಿಯ ಉದಾಹರಣೆ ಅವರದೇ ಸಂಶೋಧನೆಯಾಗಿತ್ತು. ಅಷ್ಟಕ್ಕೇ ನಿಂತಿದ್ದರೆ ದೇವರೂ ಕ್ಷಮಿಸುತ್ತಿದ್ದ.

"ರೆಕ್ಕೆ ಮುರಿಯಿತು ಅಂತ ಬೊಬ್ಬೆ ಹಾಕಿದಳು ನೋಡಿ ಆ ಸೇಸಮ್ಮ! ಪಾಪ, ಏನು ಗೊತ್ತುಂಟು ಅವಳಿಗೆ? ನಾನೇ ಧೈರ್ಯ ಹೇಳಿದೆ."

ಉಪಕಾರ ಮಾಡಿದವರ ಬೆನ್ನಿಗೇ ಚೂರಿ ಹಾಕುವ ಈ ವಿದ್ಯೆ ಯಾವ ಪುಸ್ತಕದಲ್ಲಿತ್ತೋ! ಕತೆ ಬಸ್ಸು ಹತ್ತಿ ದೂರದ ಕಕ್ಕಿಂಜೆಯವರೆಗೆ ಹೋಯಿತು. ಸೇಸಮ್ಮ ಊರಿಗೆ ಬಂದು ಬಸ್ಸಿಳಿದರೆ ಜಗಲಿಯಿಡೀ ಕಿಸಕ್ಕೆಂದಿತು. ಮಾಸ್ಟ್ರು ಅಲ್ಲೇ ಇದ್ದರು.

"ಏನು ಸೇಸಕ್ಕ, ರೆಕ್ಕೆ ಮುರಿಯಿತಂತಲ್ಲ?" ನೋಣಯ್ಯ ಕೇಳಿದ. "ಜೋರು ಬೊಬ್ಬೆಯಂತೆ ನಿನ್ನದು?"

ಸೇಸಮ್ಮ ಗಂಟು ಕೆಳಗಿಟ್ಟು ಮಾಸ್ಟ್ರ ಮುಖ ನೋಡಿದಳು. ಮಾಸ್ಟ್ರು ಚಾಯದ ಗ್ಲಾಸಿನೊಳಗೆ ನೋಡಿದರು.

"ಬೊಬ್ಬೆಯ ವಿಷಯ ನಾನು ಮಾತಾಡುವುದಿಲ್ಲ ನೋಣಯ್ಯ, ಮಾತು ಕೊಟ್ಟಿದ್ದೇನೆ. ನಾನೇ ಹಾಕಿದ್ದು ಅಂತ ಇಟ್ಟುಕೊಳ್ಳುವ. ಆದರೆ ಎಲ್ಲರೂ ಇಳಿದ ಮೇಲೂ ಸೀಟಿನಿಂದ ಏಳದೆ ಕೂತದ್ದು ಯಾರು, ಒದ್ದೆಯಾದದ್ದು ಯಾರ ಧೋತ್ರ ಅಂತ ಕೇಳು. ನಾನು ಸೀರೆ ಉಡುವವಳು."

ಚಾಯ ಅರ್ಧಕ್ಕೇ ಬಿಟ್ಟು ಮಾಸ್ಟ್ರು ಎದುರಿಗೆ ಹೊರಟು ನಿಂತಿದ್ದ ಬಸ್ಸು ಹತ್ತಿದರು. ಅದು ಬೆಳ್ತಂಗಡಿಯ ಬಸ್ಸು. ಬೆಳ್ತಂಗಡಿಯಲ್ಲಿ ಅವರಿಗೆ ಯಾರೂ ಇರಲಿಲ್ಲ.