ಕೋಟಿನ ಜೇಬಿನಲ್ಲಿದ್ದ ಸಂಪಿಗೆ

"ರೀ, ಇದನ್ನ ಮುಡ್ಕೊಂಡಿದ್ದೋರು ಯಾರು?"

ಕಳೆದ ಭಾನುವಾರ ಬೆಳಿಗ್ಗೆ ನನ್ನ ಹೆಂಡತಿ ಅಂಗಳದಲ್ಲಿ ನಿಂತು ಕೇಳಿದ ಪ್ರಶ್ನೆ ಇದು. ಕೈಯಲ್ಲಿ ನನ್ನ ಹಳೆಯ ಕಂದು ಕೋಟು. ಟ್ರಂಕಿನ ಬಟ್ಟೆಗಳನ್ನೆಲ್ಲ ಬಿಸಿಲಿಗೆ ಹಾಕುವ ಕಾರ್ಯಕ್ರಮ ನಡೆದಿತ್ತು. ಕೋಟು ಕೊಡವಿದ್ದೇ ತಡ, ಇಡೀ ಅಂಗಳದಲ್ಲಿ ಸಂಪಿಗೆಯ ಪರಿಮಳ. ಪಕ್ಕದ ಮನೆಯವರೂ ಗೋಡೆಯ ಮೇಲಿಂದ ಇಣುಕಿದರು. (ಸಂಸಾರಸ್ಥರಾದ ಓದುಗರಿಗೆ ನನ್ನ ಪರಿಸ್ಥಿತಿ ವಿವರಿಸಬೇಕಾಗಿಲ್ಲ.)

ಅವಳು ಒಳಜೇಬಿಗೆ ಕೈ ಹಾಕಿದಳು. ಕಿರುಬೆರಳಷ್ಟು ಉದ್ದದ ಒಂದು ಸೀಸೆ ಹೊರಗೆ ಬಂತು. ಬಿರಡೆ ಅರ್ಧಂಬರ್ಧ ಮುಚ್ಚಿತ್ತು. ಮೇಲೆ ಅಂಟಿಸಿದ ಚೀಟಿಯಲ್ಲಿ ಯಾರೋ ನಿಧಾನವಾಗಿ, ದುಂಡಗೆ ಬರೆದಿದ್ದರು: ಸಂಪಿಗೆ.

ಸೀಸೆ ನೋಡಿ ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಅದನ್ನು ಬರೆದವರು ಯಾರೆಂದು ನನಗೆ ಗೊತ್ತಿತ್ತು.

ಹೋದ ಬೇಸಿಗೆ ರಜೆಯಲ್ಲಿ ಕುಣಿಗಲ್ ಹತ್ತಿರದ ಕೊತ್ತಗೆರೆಗೆ ಹೋಗಿದ್ದೆ. ಅಲ್ಲಿ ರಂಗಪ್ಪ ಎಂಬವರು ಹೂವಿನಿಂದ ಅತ್ತರು ತೆಗೆಯುತ್ತಾರೆ ಎಂದು ಯಾರೋ ಹೇಳಿದ್ದರು. ತುಮಕೂರಿನಲ್ಲಿ ಹೈಸ್ಕೂಲ್ ಮೇಷ್ಟ್ರಾಗಿದ್ದುಕೊಂಡು ವಾರಕ್ಕೊಂದು ಅಂಕಣ ಬರೆಯುವವನಿಗೆ ವಿಷಯ ಬೇಕಲ್ಲ? ಹೋದೆ.

ಅವರ ಕಾರ್ಖಾನೆ ಎಂದರೆ ಹಿತ್ತಲಿನ ಒಂದು ಸೋಗೆ ಚಪ್ಪರ. ಒಂದು ತಾಮ್ರದ ಹಂಡೆ. ಅದರ ಬಾಯಿಂದ ಹೊರಟ ಬಿದಿರಿನ ಕೊಳವೆ ತಣ್ಣೀರಿನಲ್ಲಿ ಕೂರಿಸಿದ ಗಡಿಗೆಯೊಳಕ್ಕೆ ಇಳಿಯುತ್ತಿತ್ತು. ಹಂಡೆಯಲ್ಲಿ ಹೂವು ಬೇಯುತ್ತದೆ, ಆವಿ ಗಡಿಗೆಯಲ್ಲಿರುವ ಗಂಧದೆಣ್ಣೆಗೆ ಸೇರುತ್ತದೆ. ಕೆಲಸದವರು ಇಬ್ಬರೇ: ರಂಗಪ್ಪ ಮತ್ತು ಅವರ ಹೆಂಡತಿ ಲಕ್ಕಮ್ಮ.

"ಬೆಳಿಗ್ಗೆ ಸೋಪ್ ಹಾಕ್ಕಂಡಿದೀರಾ ಮೇಷ್ಟ್ರೆ?" ಇದು ಅವರ ಮೊದಲ ಪ್ರಶ್ನೆ.

ಹೌದು ಎಂದೆ. ಸೀಗೆಪುಡಿ ಕೊಟ್ಟು ಕೈ ತೊಳೆಸಿದರು. ಆಮೇಲೆ ಒಂದೊಂದು ಬೆರಳಿಗೆ ಒಂದೊಂದು ಅತ್ತರು ಮುಟ್ಟಿಸಿದರು. ತೋರುಬೆರಳಿಗೆ ಮಲ್ಲಿಗೆ, ನಡುಬೆರಳಿಗೆ ಗುಲಾಬಿ, ಉಂಗುರದ ಬೆರಳಿಗೆ ಕಾಲುವೆ ಪಕ್ಕದ ಕೇದಗೆ. ಒಂದು ಮೂಸಿದ ಮೇಲೆ ಇನ್ನೊಂದು ಮೂಸುವ ಮುಂಚೆ ಕಂಬಳಿ ಮೂಸಬೇಕು. ಇಲ್ಲದಿದ್ದರೆ ಮೂಗು ಗೊಂದಲಕ್ಕೆ ಬೀಳುತ್ತದಂತೆ. ನಾನು ಶ್ರದ್ಧೆಯಿಂದ ಕಂಬಳಿ ಮೂಸಿದೆ. ಕೇದಗೆಗಂತೂ ಕಣ್ಣು ತಾನಾಗಿ ಮುಚ್ಚಿತು. ಬೆಂಗಳೂರಿನಿಂದ ಬರುವ ಫಾರಿನ್ ಸೆಂಟು ಇದರ ಮುಂದೆ ಏನೂ ಅಲ್ಲ ಎನಿಸಿತು.

ಇಷ್ಟನ್ನೇ ಬರೆದಿದ್ದರೆ ಸಾಕಾಗಿತ್ತು. ಆದರೆ ನನಗೆ ಸಂಪಿಗೆ ಬೇಕಿತ್ತು.

"ಹೋದ ವರ್ಷದ್ದು ಖರ್ಚಾಗೋಯ್ತು. ಈ ಸಲದ್ದು ಇನ್ನೂ ಹಸೀದು ಐತೆ," ಎಂದರು ರಂಗಪ್ಪ. ಮೂಲೆಯ ಜಾಡಿ ತೋರಿಸಿದರು. ನಾನು ಬಿಡಲಿಲ್ಲ. ಕೊನೆಗೆ ಒಂದು ಸೀಸೆಗೆ ಬಗ್ಗಿಸಿ, ಚೀಟಿ ಅಂಟಿಸಿ ಕೊಟ್ಟರು. "ದೀಪಾವಳಿ ಗಂಟ ಬಿರಡೆ ತೆಗೀಬ್ಯಾಡಿ. ಒಲೆ ಹೊಗೆ ಹೋಗಿ ಹೂವು ಮ್ಯಾಲಕ್ಕೆ ಬರೋಕೆ ಅಷ್ಟು ದಿನ ಬೇಕು."

ಆಗಲಿ ಎಂದು ತಲೆ ಆಡಿಸಿದೆ. ದೀಪಾವಳಿಗೆ ಐದು ತಿಂಗಳಿತ್ತು, ಅಂಕಣ ಕಳಿಸುವುದಕ್ಕೆ ಒಂದೇ ದಿನ. ಬಸ್ಸು ಕುಣಿಗಲ್ ದಾಟುವ ಮೊದಲೇ ಬಿರಡೆ ತೆಗೆದೆ. ಹೊಗೆ ವಾಸನೆ. ಅದರ ಕೆಳಗೆ ಎಲ್ಲೋ ಸ್ವಲ್ಪ ಸಂಪಿಗೆ.

ಮನೆಗೆ ಬಂದು ಬರೆದೆ. ಕೇದಗೆಗೆ ಎರಡು ಸಾಲು. ಉಳಿದದ್ದೆಲ್ಲ ಸಂಪಿಗೆಯ ಮೇಲೆ ತಮಾಷೆ. "ಈ ಅತ್ತರು ಪೂಸಿಕೊಂಡು ಹೋದರೆ ಸ್ನಾನಕ್ಕೆ ನೀರು ಕಾದಿದೆಯೆಂದು ಜನ ಟವಲ್ ಹಿಡಿದು ಹಿಂದೆಯೇ ಬರುತ್ತಾರೆ" ಎಂಬ ವಾಕ್ಯ ಬರೆದು ನಾನೇ ನಕ್ಕೆ. ದೀಪಾವಳಿಯ ಷರತ್ತು ಬರೆಯಲಿಲ್ಲ. ಬರೆದರೆ ತಮಾಷೆ ಕೆಡುತ್ತಿತ್ತು.

ನೀವೂ ನಕ್ಕಿರಿ. ಅಂಕಣಕ್ಕೆ ಅಷ್ಟು ಕಾಗದ ಹಿಂದೆಂದೂ ಬಂದಿರಲಿಲ್ಲ. ಗುಬ್ಬಿಯಲ್ಲಿ ಒಂದು ಮದುವೆಗೆ ಹೋದರೆ, ಊಟದ ಪಂಕ್ತಿಯಲ್ಲಿ ಯಾರೋ "ನೀರೊಲೆ ಮೇಷ್ಟ್ರು ಬಂದ್ರು, ಜಾಗ ಬಿಡ್ರಪ್ಪ" ಎಂದರು. ನಾನು ಉಬ್ಬಿಹೋದೆ. ಆ ಊಟದಿಂದಲೋ ಇನ್ನಾವುದರಿಂದಲೋ, ಆಮೇಲೆ ಕೋಟು ಬಿಗಿಯಾಗಿ, ಜೇಬಿನಲ್ಲಿ ಮರೆತ ಸೀಸೆಯ ಸಮೇತ ಟ್ರಂಕು ಸೇರಿತು.

ಕಳೆದ ಭಾನುವಾರ ಅದೇ ಸೀಸೆಯಿಂದ ಒಂದು ತೊಟ್ಟು ಕೈಗೆ ಹಚ್ಚಿಕೊಂಡೆ. ಹೊಗೆ ಎಲ್ಲಿ? ಹೂಬಿಟ್ಟ ಸಂಪಿಗೆ ಮರದ ಕೆಳಗೆ ನಿಂತ ಹಾಗಿತ್ತು. ನಾಚಿಕೆಯಾಯಿತು. ಮಾರನೆಯ ದಿನವೇ ರಜ ಹಾಕಿ ಕುಣಿಗಲ್ ಬಸ್ಸು ಹತ್ತಿದೆ.

ರಂಗಪ್ಪ ಜಗಲಿಯ ಮೇಲೆ ಕೂತು ಹೂವಿನ ಬುಟ್ಟಿಗೆ ಬಾಳೆಲೆ ಹಾಸುತ್ತಿದ್ದರು. ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ನಾನು ಸೀಸೆ ಕೊಟ್ಟೆ. ಅವರು ಎದ್ದು ಕೈ ತೊಳೆದು ಬಂದರು. ಮುಂಗೈಗೆ ಒಂದು ತೊಟ್ಟು ಹಚ್ಚಿ, ಬಹಳ ಹೊತ್ತು ಮೂಸಿದರು.

"ಆಗೈತೆ," ಎಂದರು.

ಹಿತ್ತಲಿಗೆ ನೋಡಿದೆ. ಚಪ್ಪರವಿತ್ತು, ಹಂಡೆ ಇರಲಿಲ್ಲ. ಕುಣಿಗಲ್ಲಿನ ಅಡುಗೆ ಕಂಟ್ರಾಕ್ಟರೊಬ್ಬರಿಗೆ ಕೊಟ್ಟರಂತೆ. ಈಗ ಅದರಲ್ಲಿ ಮದುವೆಮನೆಗಳಿಗೆ ನೀರು ಕಾಯುತ್ತದೆ. (ನನ್ನ ತಮಾಷೆ ನಿಜವಾಗಿದ್ದು ಹೀಗೆ.)

"ಅಂಗಡಿಯವರು ಬೇಡ ಅಂದರಾ?" ಎಂದು ಕೇಳಿದೆ.

"ಅಂದ್ರು. ತುಮಕೂರಲ್ಲೂ ಅಂದ್ರು, ಗುಬ್ಬೀಲೂ ಅಂದ್ರು. ಬಳೆ ಅಂಗಡಿಯೋರು ಮೂಸ್ಲೇ ಇಲ್ಲ, ನಕ್ಕುಬುಟ್ರು. ಅದಕ್ಕಲ್ಲ ಬುಡಿ. ದೀಪಾವಳಿಗೆ ಜಾಡಿ ಬಾಯಿ ಬಿಚ್ಚುದ್ನಾ, ನಂಗೂ ಹೊಗೇನೇ ಬಡೀತು. ಇವ್ಳು ಚೆನ್ನಾಗೈತೆ ಅಂದ್ಲು. ನಾನು ಕೇಳ್ಲಿಲ್ಲ. ಓದ್ದೋರು, ಪೇಪರ್ನಾಗೆ ಬರ್ದವ್ರೆ, ನನ್ ಮೂಗೇ ಕೆಟ್ಟೋಗೈತೆ ಅಂದ್ಕಂಡೆ. ಎಲ್ಲಾನೂ ಹಿತ್ತಲ ಮರದ ಬುಡಕ್ಕೆ ಸುರುದ್ಬುಟ್ಟೆ."

ಮರದ ಬುಡದ ಕಡೆ ನೋಡಲು ನನಗೆ ಧೈರ್ಯ ಬರಲಿಲ್ಲ. ಆ ವರ್ಷದ ಸಂಪಿಗೆ ಎಂದು ಉಳಿದದ್ದು ನನ್ನ ಕೋಟಿನ ಜೇಬಿನಲ್ಲಿದ್ದುದು ಮಾತ್ರ. ಇಪ್ಪತ್ತು ವರ್ಷ ಕಂಬಳಿ ಮೂಸಿ ಮೂಸಿ ಪಳಗಿಸಿದ ಮೂಗನ್ನು ಆ ಮನುಷ್ಯ ನನ್ನ ಅರ್ಧ ಗಂಟೆಯ ಬರಹಕ್ಕಾಗಿ ಅನುಮಾನಿಸಿದ್ದರು.

ಲಕ್ಕಮ್ಮ ಮಜ್ಜಿಗೆ ತಂದಿಟ್ಟರು. "ನಿಮ್ ಮೂಗಿಗೆ ಹಿಡೀಲಿಲ್ಲ, ಸರಿ. ಇವರ ಮೂಗಿನ ಮ್ಯಾಲೆ ಇವರಿಗೇ ನಂಬಿಕೆ ಇಲ್ದಂಗೆ ಮಾಡುದ್ರಲ್ಲ ಸ್ವಾಮಿ?" ಎಂದರು. ನಾನು ಮಜ್ಜಿಗೆಯ ಲೋಟ ಕೆಳಗಿಟ್ಟೆ.

ತಪ್ಪಾಯಿತು ಎಂದೆ. ತಿದ್ದಿ ಬರೆಯುತ್ತೇನೆ ಎಂದೆ. ಹಂಡೆ ವಾಪಸು ತರಿಸೋಣ, ನಾನೇ ಆ ಕಂಟ್ರಾಕ್ಟರ ಹತ್ತಿರ ಮಾತಾಡುತ್ತೇನೆ ಎಂದೂ ಹೇಳಿದೆ. ರಂಗಪ್ಪ ಸೀಸೆಗೆ ಬಿರಡೆಯನ್ನು ಭದ್ರವಾಗಿ ಒತ್ತಿ ವಾಪಸು ನನ್ನ ಕೈಗಿಟ್ಟರು. "ಇನ್ನೂ ಇಡಿ, ಇನ್ನೂ ಚೆನ್ನಾಗಾಯ್ತದೆ," ಎಂದರು.

ಬಸ್ಸಿಗೆ ಬಿಡಲು ರಸ್ತೆಯವರೆಗೂ ಬಂದರು. ಅಲ್ಲಿ ನಿಂತು, ಯಾವ ಕುಹಕವೂ ಇಲ್ಲದೆ, ತಮ್ಮ ಕಸುಬಿನವನೇ ಒಬ್ಬನನ್ನು ಕೇಳುವ ಹಾಗೆ ಕೇಳಿದರು.

"ಅಲ್ಲ ಮೇಷ್ಟ್ರೆ, ನೀವು ಬರ್ದಿದ್ನ ಎಷ್ಟು ದಿನ ಇಟ್ಟು ಆಮ್ಯಾಕೆ ಪೇಪರ್ಗೆ ಕಳುಸ್ತೀರಿ?"

ಬಸ್ಸು ಬಂತು, ಹತ್ತಿಕೊಂಡೆ.

ಇದನ್ನೂ ಇವತ್ತೇ ಬರೆದು, ಇವತ್ತೇ ಟಪಾಲಿಗೆ ಹಾಕುತ್ತಿದ್ದೇನೆ. ನನಗೆ ಬುದ್ಧಿ ಬಂದಿದೆ ಎಂದು ಯಾವ ಬಾಯಲ್ಲಿ ಹೇಳಲಿ?