ಓದದೆ ಸಹಿ ಹಾಕದ ಪೂವಮ್ಮ

ಗ್ರಾಮಸಭೆ ನಡೆಸಲು ದನದ ಡಾಕ್ಟರನ್ನು ಕಳಿಸುವ ಬುದ್ಧಿ ಯಾರಿಗೆ ಹೊಳೆಯಿತೋ ನನಗೆ ಗೊತ್ತಿಲ್ಲ. ಪದ್ಧತಿ ಹಾಗಿದೆ, ಸಭೆಯ ಮೇಲೆ ಕಣ್ಣಿಡಲು ಬೇರೆ ಇಲಾಖೆಯ ಒಬ್ಬ ನೋಡಲ್ ಅಧಿಕಾರಿ ಇರಬೇಕು. ಹೀಗೆ ನರಿಮೊಗರಿನವನಾದ ನಾನು, ರಾಧಾಕೃಷ್ಣ, ಕಡಬದ ಕಡೆಯ ಒಂದು ಸಣ್ಣ ಪಂಚಾಯತಿಗೆ ವರ್ಷಕ್ಕೆ ಎರಡು ಸಲ ದೊಡ್ಡ ಮನುಷ್ಯನಾಗುತ್ತಿದ್ದೆ. ಕೈಗೆ ಒಂದು ಗುಲಾಬಿ, ವೇದಿಕೆಯ ನಡುವೆ ಒಂದು ಕುರ್ಚಿ, ಕೊನೆಗೆ ನಿರ್ಣಯದ ಪುಸ್ತಕದಲ್ಲಿ ಒಂದು ಸಹಿ. ಮೊದಲ ಎರಡು ಸಭೆಗಳಲ್ಲಿ ನಾನು ಸಹಿ ಹಾಕಿದ್ದು ಖಾಲಿ ಪುಟದ ಕೆಳಗೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೆ ಇದನ್ನು ನುಂಗಿಕೊಂಡು ಪೂವಮ್ಮನವರ ಬಗ್ಗೆ ಬರೆಯಲು ಕುಳಿತರೆ ಅದಕ್ಕಿಂತ ದೊಡ್ಡ ನಾಚಿಕೆ.

ಅಲ್ಲಿಯ ಕ್ರಮವೇ ಹಾಗಿತ್ತು. ಸಭಾಭವನದ ಬಾಗಿಲಲ್ಲಿ ಮೇಜು, ಮೇಜಿನ ಮೇಲೆ ಪುಸ್ತಕ. ಬಂದವರು ಮೊದಲು ಸಹಿ ಹಾಕಬೇಕು, ಆಮೇಲೆ ಚಾ, ಅವಲಕ್ಕಿ, ಬಾಳೆಹಣ್ಣು. ಸಹಿ ನೂರು ದಾಟಿದರೆ ಕೋರಂ ಆಯಿತು, ಸಭೆ ಸಿಂಧುವಾಯಿತು. ಒಳಗೆ ಯಾರು ಏನು ಮಾತಾಡಿದರು, ಏನು ತೀರ್ಮಾನವಾಯಿತು ಎನ್ನುವುದನ್ನು ಸಂಜೆ ಕಚೇರಿಯಲ್ಲಿ ಕುಳಿತು ನಿಧಾನಕ್ಕೆ ಬರೆಯುತ್ತಿದ್ದರು. ಯಾರಿಗೂ ಇದರಲ್ಲಿ ತಪ್ಪು ಕಾಣುತ್ತಿರಲಿಲ್ಲ. ಎಲ್ಲರಿಗೂ ಮನೆಗೆ ಹೋಗುವ ಅವಸರ, ನನಗಂತೂ ಎಲ್ಲರಿಗಿಂತ ಹೆಚ್ಚು.

ಪೂವಮ್ಮನವರೊಬ್ಬರು ಮಾತ್ರ ಸಹಿ ಹಾಕುತ್ತಿರಲಿಲ್ಲ. ಅಜ್ಜಾವರದಲ್ಲಿ ಹುಟ್ಟಿ, ಏಳನೆಯ ತರಗತಿಯವರೆಗೆ ಓದಿ, ಬೆಳ್ಯಪ್ಪ ಗೌಡರನ್ನು ಮದುವೆಯಾಗಿ ಈ ಊರಿಗೆ ಬಂದವರು. ಈಗ ಅರವತ್ತಮೂರು. ಹನ್ನೆರಡು ವರ್ಷಗಳ ಹಿಂದೆ ದಲಿತರ ಕಾಲನಿಗೆ ಬರಬೇಕಾಗಿದ್ದ ನೀರಿನ ಟ್ಯಾಂಕ್ ಇನ್ಯಾರದೋ ಗೇಟಿನ ಎದುರು ಎದ್ದು ನಿಂತಿತ್ತು. ಕೇಳಲು ಹೋದವರಿಗೆ ಪಂಚಾಯತಿನವರು ನಿರ್ಣಯ ತೋರಿಸಿದರು. ಅದರ ಕೆಳಗಿನ ಮೂರನೆಯ ಸಹಿ ಪೂವಮ್ಮನವರದ್ದೇ ಆಗಿತ್ತು. ಅಂದಿನಿಂದ ನಿರ್ಣಯವನ್ನು ಬರೆದು, ಓದಿ ಹೇಳದೆ ಅವರು ಪೆನ್ನು ಮುಟ್ಟಿದವರಲ್ಲ, ಅಲ್ಲಿಯ ಚಾ ಕುಡಿದವರೂ ಅಲ್ಲ. ಊರಿನವರು ಅವರನ್ನು ಪಂಚಾಯತಿನ ಅತ್ತೆ ಎಂದು ತಮಾಷೆ ಮಾಡುತ್ತಿದ್ದರು. ಆ ಹೆಸರು ಅವರಿಗೆ ಒಳಗೊಳಗೇ ಖುಷಿ ಕೊಡುತ್ತಿತ್ತು ಎಂದು ನನ್ನ ಗುಮಾನಿ.

ಇಂಥವರೇ ಎಡವಿದರು ಎಂಬುದು ಈ ಕಥೆಯ ವಿಶೇಷ.

ದುಗ್ಗಮ್ಮ ಎಂಬವರು ಅವರ ಮನೆಯಲ್ಲಿ ದನದ ಹಟ್ಟಿಯ ಕೆಲಸಕ್ಕೆ ಬರುತ್ತಿದ್ದರು, ಇಪ್ಪತ್ತನಾಲ್ಕು ವರ್ಷಗಳಿಂದ. ಗಂಡ ತೀರಿಕೊಂಡಿದ್ದಾರೆ, ಮಗಳು ಮದುವೆಯಾಗಿ ಹೋಗಿದ್ದಾಳೆ. ತೋಡು ಎಂಬ ಸಣ್ಣ ಹಳ್ಳದ ಆಚೆ, ಕಾಲನಿಯ ಕೊನೆಯಲ್ಲಿ ಅವರ ಮನೆ. ವಸತಿ ಯೋಜನೆಗೆ ಅರ್ಜಿ ಹಾಕಿಸಿದ್ದು ಪೂವಮ್ಮನವರೇ. ಸಮೀಕ್ಷೆಯವರು ಮೊಬೈಲ್ ಹಿಡಿದು ಬಂದ ದಿನ ದುಗ್ಗಮ್ಮ ಇವರ ಅಂಗಳದಲ್ಲಿದ್ದರು. ಬಂದವರಿಗೆ ತೋಡಿನ ಮೇಲಿನ ಕಾಲುಸಂಕ ದಾಟುವ ಮನಸ್ಸಿರಲಿಲ್ಲ, ‘ಇಲ್ಲೇ ಒಂದು ಫೋಟೋ ತೆಗೆದ್ರೆ ಆಯ್ತು’ ಎಂದರು. ಫೋಟೋ ಎಂದ ಕೂಡಲೇ ನಮ್ಮ ಹೆಂಗಸರಿಗೆ ಬರುವ ಉಮೇದು ಪೂವಮ್ಮನವರಿಗೂ ಬಂತು. ಸೆಗಣಿ ಮೆತ್ತಿದ ಸೀರೆಯಲ್ಲಿ ಸರಕಾರದ ಎದುರು ನಿಲ್ಲುವುದೇ? ತಮ್ಮ ಕಪಾಟಿನಿಂದ ಹಸಿರು ಸೀರೆ ತೆಗೆದುಕೊಟ್ಟರು, ತಲೆಗೆ ಒಂದು ತುಂಡು ಮಲ್ಲಿಗೆ ಸಿಕ್ಕಿಸಿದರು, ತಮ್ಮ ಮನೆ ಮುಂದಿನ ಸಿಟೌಟಿನ ಟೈಲ್ಸ್ ಹಾಕಿದ ಮೆಟ್ಟಿಲಿನ ಎದುರು ನಿಲ್ಲಿಸಿದರು. ಫೋಟೋ ಬಹಳ ಚಂದ ಬಂತು.

ನಾಲ್ಕು ತಿಂಗಳ ಮೇಲೆ ಪಟ್ಟಿ ಬಂತು. ದುಗ್ಗಮ್ಮ, ಅನರ್ಹ, ಪಕ್ಕಾ ಮನೆ ಇದೆ. ಮುಂದಿನ ಗ್ರಾಮಸಭೆಯಲ್ಲಿ ಪಟ್ಟಿ ಅಂತಿಮವಾದರೆ ಮತ್ತೆ ಐದಾರು ವರ್ಷ ಅವರ ಹೆಸರು ಎಲ್ಲಿಯೂ ಬರುವುದಿಲ್ಲ. ಹಿಂದಿನ ಮಳೆಗಾಲದಲ್ಲಿ ಆ ಮನೆಯ ಹಿಂದಿನ ಗೋಡೆ ಕುಸಿದಿತ್ತು, ಇನ್ನೊಂದು ಮಳೆಗಾಲ ಅದು ನಿಲ್ಲುವ ಭರವಸೆ ಯಾರಿಗೂ ಇರಲಿಲ್ಲ.

ಪೂವಮ್ಮ ಸುಮ್ಮನೆ ಕೂರಲಿಲ್ಲ. ಪಂಚಾಯತಿಗೆ ಹೋದರೆ ಪಿಡಿಒ ಕಂಪ್ಯೂಟರ್ ತೋರಿಸಿದರು. ಅದು ಲಾಕ್ ಆಗಿದೆ, ಮೇಲಿನಿಂದ ಆದೇಶ ಬೇಕು ಎಂದರು. ಅರ್ಜಿ ಹಿಡಿದು ತಾಲೂಕು ಕಚೇರಿಗೆ ಹೋದರೆ ಅಲ್ಲಿಯವರು ಫಲಾನುಭವಿಯ ವಿಷಯದಲ್ಲಿ ಗ್ರಾಮಸಭೆಯೇ ಸುಪ್ರೀಂ ಎಂದು ಕೈ ಮುಗಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರು ಪೂಜಾರಿಯನ್ನು ತೋರಿಸುತ್ತಿದ್ದ, ಪೂಜಾರಿ ದೇವರನ್ನು ತೋರಿಸುತ್ತಿದ್ದ. ನಾಲ್ಕು ಸಲ ಓಡಾಡಿದ ಮೇಲೆ ಅವರು ದನಕ್ಕೆ ಲಸಿಕೆ ಹಾಕಲು ಹೋಗಿದ್ದ ನನ್ನನ್ನು ಹಟ್ಟಿಯಲ್ಲೇ ಹಿಡಿದರು.

‘ಡಾಕ್ಟ್ರೇ, ಅಧಿಕಾರ ಎಲ್ಲ ಊರಿಗೆ ಕೊಟ್ಟಿದ್ದೇವೆ ಅಂತ ಭಾಷಣ ಮಾಡ್ತಾರೆ. ಕೊಟ್ಟದ್ದು ಹೌದಾದ್ರೆ ಅದು ಈಗ ಯಾರ ಹತ್ರ ಉಂಟು?’

ನಾನು ದನದ ಕಿವಿ ನೋಡುತ್ತಾ ನಿಂತೆ. ‘ಸಭೆಯಲ್ಲಿ ವಿಷಯ ಎತ್ತಿ, ನೋಡುವ’ ಎಂದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿಯ ಉತ್ತರ ಅದು.

‘ಎತ್ತುದು ಹೌದು. ಆದ್ರೆ ಆ ಫೋಟೋದಲ್ಲಿ ಇರುದು ನನ್ನ ಮನೆ ಅಂತ ಹೇಳಬೇಕಲ್ಲ. ಇವರು ಬೇಡ ಅಂತಾರೆ. ಎಲ್ಲರ ತಪ್ಪು ಹಿಡಿಯುವವಳು ನೀನು, ನಿನ್ನದೇ ತಪ್ಪು ಅಂತ ಹೇಳಿದ್ರೆ ನಾಳೆಯಿಂದ ಯಾರು ನಿನ್ನ ಮಾತು ಕೇಳ್ತಾರೆ ಅಂತ ಕೇಳ್ತಾರೆ.’

ಬೆಳ್ಯಪ್ಪ ಗೌಡರು ಹಟ್ಟಿಯ ಬಾಗಿಲಲ್ಲಿ ನಿಂತು ಹೌದೆಂದು ತಲೆ ಆಡಿಸಿದರು. ಅವರ ಲೆಕ್ಕ ತಪ್ಪಾಗಿರಲಿಲ್ಲ. ಪೂವಮ್ಮ ಎಡವುವುದನ್ನು ಹನ್ನೆರಡು ವರ್ಷ ಕಾದು ಕುಳಿತವರು ಆ ಊರಿನಲ್ಲಿ ಕಡಿಮೆ ಇರಲಿಲ್ಲ.

ಗ್ರಾಮಸಭೆಯ ದಿನ ಪಂಚಾಯತ್ ಅಧ್ಯಕ್ಷ ಕುಕ್ಕಪ್ಪ ಬಹಳ ಗಡಿಬಿಡಿಯಲ್ಲಿದ್ದರು. ಆ ವರ್ಷದ ರಸ್ತೆ ಕಾಮಗಾರಿಗಳೆಲ್ಲ ಅಂದೇ ಮಂಜೂರಾಗಬೇಕಿತ್ತು. ವಸತಿ ಪಟ್ಟಿ ಬಂದಾಗ ಪಿಡಿಒ ಹೆಸರುಗಳನ್ನು ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ ಓಡಿಸಿದರು. ಪೂವಮ್ಮ ಎದ್ದು ನಿಂತರು.

‘ದುಗ್ಗಮ್ಮನ ಹೆಸರಿನ ಎದುರು ಹಾಕಿದ ಫೋಟೋ ತೋರಿಸಿ.’

ಲ್ಯಾಪ್‌ಟಾಪಿನಲ್ಲಿ ಫೋಟೋ ತೋರಿಸಿದರು. ಮುಂದೆ ಕುಳಿತವರು ಬಗ್ಗಿ ನೋಡಿದರು.

‘ಆ ಮನೆ ನನ್ನದು. ಸೀರೆ ನನ್ನದು. ಅಲ್ಲಿ ನಿಲ್ಲಿಸಿದ್ದೂ ನಾನು. ಎಂತಕ್ಕೆ ಫೋಟೋ ಅಂತ ಕೇಳದೆ ನಿಲ್ಲಿಸಿದ್ದು ನನ್ನ ತಪ್ಪು.’

ಹಿಂದಿನ ಬೆಂಚಿನಿಂದ ಯಾರೋ, ‘ಪಂಚಾಯತಿನ ಅತ್ತೆ ಬಿದ್ರು ಮಾರಾಯ್ರೆ’ ಎಂದರು. ಸಭೆ ನಕ್ಕಿತು. ಪೂವಮ್ಮನವರ ಕಿವಿ ಕೆಂಪಾದದ್ದು ವೇದಿಕೆಯಿಂದಲೇ ಕಾಣುತ್ತಿತ್ತು. ಆದರೆ ಅವರು ಕುಳಿತುಕೊಳ್ಳಲಿಲ್ಲ.

‘ನಗಾಡಿ ಆಯ್ತಾ? ಈಗ ನಿರ್ಣಯ ಬರೀರಿ.’

‘ಟಿಪ್ಪಣಿ ಮಾಡಿಕೊಂಡಿದ್ದೇವೆ ಅಕ್ಕ, ಪರಿಶೀಲಿಸ್ತೇವೆ,’ ಎಂದರು ಕುಕ್ಕಪ್ಪ. ‘ಮುಂದಿನ ವಿಷಯಕ್ಕೆ ಹೋಗುವ.’

ಪೂವಮ್ಮ ತಮ್ಮ ಕುರ್ಚಿಯನ್ನು ಎತ್ತಿಕೊಂಡು ಹೋಗಿ ಬಾಗಿಲ ಬಳಿ, ಪುಸ್ತಕದ ಪಕ್ಕದಲ್ಲಿ ಹಾಕಿ ಕುಳಿತರು. ಆ ದಿನ ಜನ ತಡವಾಗಿ ಬರುತ್ತಿದ್ದರು, ಸಹಿ ಮೂವತ್ತೇಳು ಮಾತ್ರ ಆಗಿತ್ತು. ಬಂದ ಒಬ್ಬೊಬ್ಬರಿಗೂ ಅವರು ಹೇಳಿದ್ದು ಒಂದೇ. ‘ನಿರ್ಣಯ ಓದಿ ಹೇಳುವವರೆಗೆ ಸಹಿ ಬೇಡ. ನೀವು ಹಾಕುದಾದ್ರೆ ಹಾಕಿ, ನಾನು ಕೈ ಹಿಡಿಯುದಿಲ್ಲ.’ ಕಾಲನಿಯವರು ಮೊದಲು ನಿಂತರು. ಉಪ್ಪಿನಂಗಡಿಯಲ್ಲಿ ಅಂಗಡಿ ಇಟ್ಟಿರುವ ಶಾನವಾಝ್ ನಿಂತರು, ಅವರ ಹಿಂದೆ ಬೀಡಿ ಕಟ್ಟುವ ಹೆಂಗಸರು ನಿಂತರು. ಪೆನ್ನು ಮೇಜಿನ ಮೇಲೆಯೇ ಇತ್ತು, ಯಾರೂ ಮುಟ್ಟಲಿಲ್ಲ. ಅವಲಕ್ಕಿಯ ಪಾತ್ರೆಯ ಮುಚ್ಚಳವನ್ನೂ ಯಾರೂ ತೆಗೆಯಲಿಲ್ಲ. ಅರ್ಧ ಗಂಟೆಯಲ್ಲಿ ಕುಕ್ಕಪ್ಪನವರ ಮುಖದಲ್ಲಿ ಬೆವರು. ಕೋರಂ ಇಲ್ಲದಿದ್ದರೆ ರಸ್ತೆಯೂ ಇಲ್ಲ.

ಕುಕ್ಕಪ್ಪ ನನ್ನ ಕಡೆ ತಿರುಗಿ, ‘ನೋಡಲ್ ಅಧಿಕಾರಿಗಳು ಎರಡು ಮಾತು ಹೇಳಬೇಕು’ ಎಂದರು. ನಾನು ಎದ್ದೆ. ದಾಖಲೆಯಿಲ್ಲದೆ ನಿರ್ಣಯ ಮಾಡುವುದು ಕಷ್ಟ ಎಂದೇನೋ ಗೊಣಗಿದೆ.

ಪೂವಮ್ಮ ಅಲ್ಲಿಂದಲೇ ಕೇಳಿದರು. ‘ಡಾಕ್ಟ್ರೇ, ನೀವು ದನ ನೋಡದೆ ಮದ್ದು ಬರೀತೀರಾ?’

ಇಡೀ ಸರ್ವಿಸಿನಲ್ಲಿ ನನಗೆ ಅಂಥ ಪೆಟ್ಟು ಬಿದ್ದಿರಲಿಲ್ಲ. ‘ನಡೀರಿ, ಹೋಗಿ ನೋಡಿ ಬರುವ’ ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು.

ಅರುವತ್ತು ಜನ ಕಾಲುಸಂಕ ದಾಟಿದೆವು, ಒಬ್ಬರ ಹಿಂದೆ ಒಬ್ಬರು. ದುಗ್ಗಮ್ಮನವರ ಮನೆಯ ಮೂರು ಕಡೆ ಮಣ್ಣಿನ ಗೋಡೆ, ನಾಲ್ಕನೆಯ ಕಡೆ ನೀಲಿ ಟಾರ್ಪಾಲು. ಮಾಡಿಗೆ ಹಳೆಯ ಶೀಟು, ಅದು ಹಾರದ ಹಾಗೆ ಮೇಲೆ ಕಲ್ಲು. ನನ್ನ ಆಸ್ಪತ್ರೆಯಲ್ಲಿ ಹುಷಾರಿಲ್ಲದ ದನಗಳನ್ನು ಕಟ್ಟುವ ಜಾಗ ಇದಕ್ಕಿಂತ ಗಟ್ಟಿ ಇದೆ. ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ಹುಡುಕಿದರೆ ಅದರಲ್ಲಿ ನಾನೂ ಇದ್ದೆ.

ದುಗ್ಗಮ್ಮ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದರು. ಊರಿಗೆ ಊರೇ ಬಂದು ತನ್ನ ಗಂಜಿಯ ಪಾತ್ರೆಯನ್ನು ನೋಡುವುದೆಂದರೆ ಯಾರಿಗೆ ಸಹಿಸಲು ಆಗುತ್ತದೆ? ಪೂವಮ್ಮ ತಲೆ ಬಗ್ಗಿಸಿ ಒಳಗೆ ಹೋದರು, ಕುಸಿದ ಗೋಡೆಯನ್ನು ಪಿಡಿಒಗೆ ತೋರಿಸಲು. ಆಗ ದುಗ್ಗಮ್ಮ ತುಳುವಿನಲ್ಲಿ, ಮೆಲ್ಲಗೆ ಒಂದು ಮಾತು ಹೇಳಿದರು. ‘ಅಕ್ಕ, ಇಪ್ಪತ್ತನಾಲ್ಕು ವರ್ಷದಲ್ಲಿ ನೀವು ನನ್ನ ಮನೆಯ ಒಳಗೆ ಬಂದದ್ದು ಇವತ್ತೇ.’

ಅದರಲ್ಲಿ ಕೊಂಕು ಇರಲಿಲ್ಲ. ಇದ್ದದ್ದನ್ನು ಹೇಳಿದರು, ಅಷ್ಟೇ. ಯಾಕೆ ಬರಲಿಲ್ಲ ಎಂದು ಅಲ್ಲಿದ್ದ ಅರುವತ್ತು ಜನರಿಗೂ ಗೊತ್ತಿತ್ತು, ಜಾತಿ ಎನ್ನುವ ಶಬ್ದವನ್ನು ಯಾರೂ ಬಾಯಿಗೆ ತರಲಿಲ್ಲ. ಪೂವಮ್ಮ ಕುಸಿದ ಗೋಡೆಯನ್ನು ಪಿಡಿಒಗೆ ತೋರಿಸಿ ಹೊರಗೆ ಬಂದರು. ವಾಪಸು ಬರುವಾಗ ಎಲ್ಲರಿಗಿಂತ ಹಿಂದೆ ನಡೆದರು.

ಸಭಾಭವನಕ್ಕೆ ಬಂದು ‘ಬರೆಯಿರಿ, ಈಗಲೇ, ಇಲ್ಲಿಯೇ’ ಎಂದೆ ನಾನು. ಪಿಡಿಒ ಬರೆಯತೊಡಗಿದರು. ಅವರು ಕೆಟ್ಟವರಲ್ಲ, ಒಂದು ಒಳ್ಳೆಯ ಉಪಾಯವನ್ನೇ ಹೇಳಿದರು.

‘ಅಕ್ಕ, ನಿಮ್ಮ ಹೆಸರು ಬೇಡ. ನಾಳೆ ವಿಚಾರಣೆ ಅದು ಇದು ಅಂತ ನಿಮ್ಮನ್ನು ಕರೀತಾರೆ. ತಾಂತ್ರಿಕ ದೋಷದಿಂದ ತಪ್ಪು ಫೋಟೋ ಸೇರಿದೆ ಅಂತ ಬರೆಯುವ.’

ಕುಕ್ಕಪ್ಪ ‘ಅದು ಸರಿ, ಅದು ಸರಿ’ ಎಂದರು. ನನಗೂ ಸರಿ ಎನಿಸಿತ್ತು. ಬಾಗಿಲ ಬಳಿ ನಿಂತಿದ್ದ ಬೆಳ್ಯಪ್ಪ ಗೌಡರ ಮುಖದಲ್ಲಿ ಜೀವ ಬಂದಿತ್ತು.

‘ಬೇಡ,’ ಎಂದರು ಪೂವಮ್ಮ. ‘ತಾಂತ್ರಿಕ ದೋಷ ಅಂದ್ರೆ ಯಾರೂ ಉತ್ತರ ಕೊಡಬೇಕಾಗಿಲ್ಲ ಅಂತ ಅರ್ಥ. ಪೂವಮ್ಮನ ದೋಷ ಅಂತ ಬರೀರಿ. ಮನೆ ನೋಡದೆ ಫೋಟೋ ತೆಗೆದವರ ದೋಷ ಅಂತಲೂ ಬರೀರಿ. ನನ್ನದಕ್ಕೆ ನಾನು ಉತ್ತರ ಕೊಡ್ತೇನೆ.’

ಹಾಗೆಯೇ ಬರೆದರು. ಪಿಡಿಒ ಎದ್ದು ನಿಂತು ದೊಡ್ಡ ಧ್ವನಿಯಲ್ಲಿ ಓದಿದರು. ಆ ಭವನದಲ್ಲಿ ಒಂದು ನಿರ್ಣಯವನ್ನು ಸಹಿಗೆ ಮೊದಲು ಓದಿದ್ದು ಅದೇ ಮೊದಲು ಇರಬೇಕು. ಪೂವಮ್ಮ ಪೆನ್ನು ತೆಗೆದುಕೊಂಡು ಏಳನೆಯ ತರಗತಿಯ ದುಂಡು ಅಕ್ಷರದಲ್ಲಿ ಸಹಿ ಹಾಕಿದರು. ಅವರ ಹಿಂದೆ ಸಾಲು ನಿಂತಿತು. ಒಟ್ಟು ನೂರಾ ಹದಿನಾಲ್ಕು ಸಹಿ, ಕೊನೆಯದು ನನ್ನದು. ಹಿಂದಿನ ಬೆಂಚಿನಲ್ಲಿ ಯಾರೂ ನಗಲಿಲ್ಲ.

ವಿಚಾರಣೆಗೆ ತಾಲೂಕಿನಿಂದ ಒಬ್ಬ ಅಧಿಕಾರಿ ಬಂದರು. ನಾನೂ ಇದ್ದೆ. ತಪ್ಪು ಒಪ್ಪಿಕೊಳ್ಳುತ್ತೀರಾ ಎಂದು ಅವರು ಗಂಭೀರವಾಗಿ ಕೇಳಿದರು.

‘ಒಪ್ಪಿ ಆಗಿದೆ ಸಾರ್, ಬರೆದೂ ಆಗಿದೆ. ಇನ್ನು ನಿಮ್ಮದು ಹೇಳಿ. ನಾನು ನಾಲ್ಕು ಸಲ ಬಂದು ಕೊಟ್ಟ ಅರ್ಜಿ ಇಷ್ಟು ದಿನ ಯಾರ ಮೇಜಿನಲ್ಲಿತ್ತು?’

ಅಧಿಕಾರಿ ಚಶ್ಮಾ ಒರೆಸಿಕೊಂಡರು. ಹದಿನೇಳನೆಯ ದಿನ ಮಂಜೂರಾತಿ ಬಂತು. ಮಳೆ ಹಿಡಿಯುವ ಮೊದಲು ದುಗ್ಗಮ್ಮನವರ ಮನೆಯ ಮಾಡು ನಿಂತಿತು.

ಮೊನ್ನೆ ಆ ದಾರಿಯಾಗಿ ಹೋಗುವಾಗ ಕಾಲನಿಯಲ್ಲಿ ಬೈಕ್ ನಿಲ್ಲಿಸಿದೆ. ದುಗ್ಗಮ್ಮನವರ ಮನೆಯಲ್ಲಿ ಪೂವಮ್ಮ ಒಳಗೆ ನೆಲದ ಮೇಲೆ ಕಾಲು ಚಾಚಿ ಕುಳಿತು ಚಾ ಕುಡಿಯುತ್ತಿದ್ದರು. ವಾರಕ್ಕೆ ಎರಡು ಸಲ ಬರುತ್ತಾರಂತೆ. ಮನೆಯಲ್ಲಿ ಬೆಳ್ಯಪ್ಪ ಗೌಡರ ಅಣ್ಣ ತಮ್ಮಂದಿರು ಇದರ ಬಗ್ಗೆ ತಕರಾರು ಎತ್ತಿದ್ದಾರೆ ಎಂದು ಊರಿನಲ್ಲಿ ಸುದ್ದಿ ಇತ್ತು, ನಾನು ಹೌದಾ ಎಂದು ಕೇಳಿದೆ.

‘ಹೌದು,’ ಎಂದರು. ‘ಅವರಿಗೆ ನಾನು ಹೇಳಿದ್ದೇನೆ, ಇಪ್ಪತ್ತನಾಲ್ಕು ವರ್ಷದ ತಪ್ಪನ್ನು ನಿರ್ಣಯದಲ್ಲಿ ಬರೆಸಲಿಕ್ಕೆ ಆಗಲಿಲ್ಲ, ಅದಕ್ಕೆ ಉತ್ತರ ಹೀಗೆಯೇ ಕೊಡಬೇಕಷ್ಟೆ ಅಂತ.’